ಮನೆ ಎತ್ತಿಕೊಂಡು ಹೋದ ಮೇಲೆ

ಕ್ರೇನು ಮನೆಯನ್ನು ಎತ್ತಿದಾಗ ಕೆಳಗಿದ್ದ ನೆಲ ಕಂಡಿತು. ಒಂದೂವರೆ ವರ್ಷ ಬಿಸಿಲು ಬೀಳದ ಮಣ್ಣು. ಬಿಳಿಚಿಕೊಂಡ ಹುಲ್ಲು, ಎರೆಹುಳ, ನೌರೀನ್ ಎಂದೋ ಕಳೆದುಕೊಂಡಿದ್ದ ಒಂದು ಹೇರ್‌ಪಿನ್ನು. ಕರೀಮಾಬಿ ಅದನ್ನು ಎತ್ತಿಕೊಳ್ಳಲು ಬಗ್ಗಿದಳು.

"ಅಮ್ಮಿ, ತಲೆ ಮೇಲೆ ಮನೆ ತೂಗ್ತಿದೆ, ಈ ಕಡೆ ಬಾ" ಎಂದು ಮಗಳು ನೌರೀನ್ ತೋಳು ಹಿಡಿದು ಎಳೆದಳು.

ಅದು ಎರಡು ಸಾವಿರದ ಇಪ್ಪತ್ತೊಂದರ ಜುಲೈ. ಶಿವಮೊಗ್ಗ ಪೇಟೆಯ ನಡುವೆ, ಮುಚ್ಚಿ ಎಷ್ಟೋ ಕಾಲವಾದ ಅಕ್ಕಿ ಗಿರಣಿಯ ಅಂಗಳ. ಮೊದಲು ಭತ್ತ ಒಣಗಿಸುತ್ತಿದ್ದ ಆ ಜಾಗದಲ್ಲಿ ಹದಿನಾಲ್ಕು ತಗಡಿನ ಮನೆಗಳು ನಿಂತಿದ್ದವು. ಪ್ರತಿ ಮನೆಯ ನಾಲ್ಕು ಮೂಲೆಗೂ ಕಬ್ಬಿಣದ ಕೊಂಡಿ. ಆ ಕೊಂಡಿಗಳಿಗೆ ಸರಪಳಿ ಸಿಕ್ಕಿಸಿ ಎತ್ತಿ, ಟ್ರೈಲರ್ ಮೇಲಿಟ್ಟು, ಬೇರೆ ಕಡೆಗೆ ಒಯ್ಯಬಹುದು. ಅದಕ್ಕೆಂದೇ ಮಾಡಿದ ಮನೆಗಳು. ಸರ್ಕಾರದ ಕಾಗದದಲ್ಲಿ ಅವಕ್ಕೆ ಉದ್ದನೆಯ ಹೆಸರೊಂದಿತ್ತು. ಅಲ್ಲಿದ್ದವರು ಡಬ್ಬಿ ಮನೆ ಎನ್ನುತ್ತಿದ್ದರು. ಕರೀಮಾಬಿಯದು ಹನ್ನೊಂದನೇ ನಂಬರು.

ಹದಿಮೂರು ಮನೆಯವರು ಪಾತ್ರೆಪಗಡೆ ಕಟ್ಟಿಕೊಂಡು ಹೊರಡುವ ಗಡಿಬಿಡಿಯಲ್ಲಿದ್ದರೆ, ಕರೀಮಾಬಿ ಮಗಳ ಕೈಯಲ್ಲಿ ಕೆಂಪು ಪೈಂಟಿನ ಡಬ್ಬ ಕೊಟ್ಟು ಗಿರಣಿಯ ಕಾಂಪೌಂಡ್ ಗೋಡೆ ತೋರಿಸಿದಳು. "ದೊಡ್ಡದಾಗಿ ಬರಿ. ದೂರದಿಂದ ಕಾಣಬೇಕು."

ನೌರೀನ್ ಬರೆದಳು: "ಪೀರ್ ಬಾಷಾ ಅವರಿಗೆ. ಮನೆ ಹಳೇ ಲಾರಿ ಸ್ಟ್ಯಾಂಡಿಗೆ ಹೋಗಿದೆ. ನಂಬರ್ ಹನ್ನೊಂದು. ಅಲ್ಲಿಗೇ ಬನ್ನಿ." ಅದರ ಕೆಳಗೆ ತನ್ನ ಫೋನ್ ನಂಬರು.

ಪೀರ್ ಬಾಷಾ ಕರೀಮಾಬಿಯ ಗಂಡ. ಅವನು ಮನೆ ಬಿಟ್ಟು ಹೋಗಿ ಆಗ ಎರಡೂವರೆ ತಿಂಗಳಾಗಿತ್ತು.

ಅವರು ಮೂಲತಃ ಶಿವಮೊಗ್ಗದವರಲ್ಲ. ಪೀರ್ ಬಾಷಾ ಭದ್ರಾವತಿಯ ಒಂದು ಎರಕದ ಕಾರ್ಖಾನೆಯಲ್ಲಿ ಕುಲುಮೆಯ ಕೆಲಸಗಾರ. ಕಾರ್ಖಾನೆಯ ಹಿಂದೆ ಮೂವತ್ತು ಮನೆಗಳ ಕ್ವಾರ್ಟರ್ಸ್. ಕನ್ನಡ, ತಮಿಳು, ತೆಲುಗು, ಉರ್ದು ಎಲ್ಲವೂ ಒಂದೇ ನಲ್ಲಿಯ ಮುಂದೆ ಜಗಳವಾಡಿ ಒಂದೇ ನಲ್ಲಿಯ ಮುಂದೆ ರಾಜಿಯಾಗುತ್ತಿದ್ದ ಕಾಲ. ಎರಡು ಮನೆ ದಾಟಿದರೆ ಭೈರಪ್ಪನ ಮನೆ. ಭೈರಪ್ಪ ಮತ್ತು ಪೀರ್ ಬಾಷಾ ಒಂದೇ ಕುಲುಮೆಯ ಮುಂದೆ, ಬೇರೆ ಬೇರೆ ಪಾಳಿಯಲ್ಲಿ ದುಡಿಯುತ್ತಿದ್ದರು. ಒಬ್ಬ ಕೈಗವಸು ಬಿಚ್ಚಿದರೆ ಇನ್ನೊಬ್ಬ ತೊಡುತ್ತಿದ್ದ. ಭೈರಪ್ಪನ ಹೆಂಡತಿ ಹುಚ್ಚಮ್ಮ ಕರೀಮಾಬಿಗಿಂತ ಐದಾರು ವರ್ಷಕ್ಕೆ ದೊಡ್ಡವಳು. ಹೊಸ ಸೊಸೆಯಾಗಿ ಬಂದ ಕರೀಮಾಬಿಗೆ ಸೀಮೆಎಣ್ಣೆ ಸ್ಟೌವಿಗೆ ಪಂಪು ಹೊಡೆಯುವುದನ್ನು ಕಲಿಸಿದವಳೇ ಅವಳು.

ತೊಂಬತ್ತನಾಲ್ಕರಲ್ಲಿ ಕರೀಮಾಬಿಯ ತಮ್ಮನ ಮದುವೆ ಹೊಳೆಹೊನ್ನೂರಿನಲ್ಲಿ ನಿಂತಿತು. ಗಂಡನಿಗೆ ಆ ದಿನ ಬೆಳಗಿನ ಪಾಳಿ. ಮಧ್ಯಾಹ್ನ ಪಾಳಿ ಮುಗಿಸಿಕೊಂಡು ಊಟದ ಹೊತ್ತಿಗೆ ಬರುತ್ತೇನೆ ಎಂದ. ಕರೀಮಾಬಿ ಒಪ್ಪಲಿಲ್ಲ. ನಿಕಾಹ್ ಹೊತ್ತಿಗೆ ಅಳಿಯನಿಲ್ಲದಿದ್ದರೆ ತವರಿನವರ ಮುಂದೆ ತನ್ನ ಮುಖ ಏನಾಗಬೇಕು? ಅವನಿಗೆಂದು ಹೊಸ ಅಂಗಿ ಬೇರೆ ಹೊಲಿಸಿಟ್ಟಿದ್ದಳು. "ಭೈರಣ್ಣನ್ನ ಕೇಳಿ, ಪಾಳಿ ಬದಲಾಯಿಸಿಕೊಳ್ಳಿ" ಎಂದು ಎರಡು ದಿನ ಹಟ ಹಿಡಿದಳು. ಭೈರಪ್ಪ ನಕ್ಕು ಒಪ್ಪಿಕೊಂಡ. ಅವರು ಮದುವೆಮನೆಯಲ್ಲಿ ಬಿರಿಯಾನಿಯ ಮುಂದೆ ಕೂತಿದ್ದಾಗ, ಕಾರ್ಖಾನೆಯಲ್ಲಿ ಕರಗಿದ ಕಬ್ಬಿಣ ಹೊತ್ತಿದ್ದ ಕೊಪ್ಪರಿಗೆಯ ಸರಪಳಿ ಕಡಿಯಿತು. ಕೆಳಗಿದ್ದವನು ಭೈರಪ್ಪ. ಹುಚ್ಚಮ್ಮನಿಗೆ ಸಿಕ್ಕಿದ್ದು ಅವನ ಚಪ್ಪಲಿ ಮತ್ತು ಊಟದ ಕ್ಯಾರಿಯರ್ ಮಾತ್ರ.

ಪಾಳಿ ಬದಲಾಗಿತ್ತು ಎಂಬುದು ಎಲ್ಲರಿಗೂ ಗೊತ್ತಿತ್ತು. ಯಾರ ಹಟಕ್ಕೆ ಬದಲಾಗಿತ್ತು ಎಂಬುದು ಗಂಡ ಹೆಂಡಿರಿಬ್ಬರಿಗೆ ಮಾತ್ರ ಗೊತ್ತಿತ್ತು. ಪೀರ್ ಬಾಷಾ ಒಂದು ಸಲವೂ ಅವಳನ್ನು ದೂರಲಿಲ್ಲ. ಆ ಹೊಸ ಅಂಗಿಯನ್ನು ಮತ್ತೆ ತೊಡಲೂ ಇಲ್ಲ. ಕಾರ್ಖಾನೆ ಮುಚ್ಚುವವರೆಗೆ, ಮುಂದಿನ ಹತ್ತು ವರ್ಷ, ಹುಚ್ಚಮ್ಮ ನಲ್ಲಿಗೆ ಬರುವ ಹೊತ್ತು ನೋಡಿಕೊಂಡು ಕರೀಮಾಬಿ ತಾನು ಬೇರೆ ಹೊತ್ತಿಗೆ ಹೋಗುತ್ತಿದ್ದಳು. ಕ್ವಾರ್ಟರ್ಸ್ ಖಾಲಿ ಮಾಡಿ ಶಿವಮೊಗ್ಗಕ್ಕೆ ಲಗೇಜು ಕಟ್ಟಿದ ದಿನ ಹೇಳಿಯೂ ಹೊರಡಲಿಲ್ಲ. ಗಂಡ ಮಾತ್ರ ಹೋಗಿ ಹೇಳಿ ಬಂದ. ತುಂಗೆಯ ದಡದ ಕೇರಿಯಲ್ಲಿ ಮನೆ ಹಿಡಿದಿದ್ದೇವೆ ಎಂದು ವಿಳಾಸವನ್ನೂ ಕೊಟ್ಟ. ಒಂದು ರಂಜಾನಿನಲ್ಲಿ ಹುಚ್ಚಮ್ಮ ಆ ಮನೆಗೆ ಬಂದೂ ಇದ್ದಳು. ಕರೀಮಾಬಿ ತಲೆನೋವೆಂದು ಒಳಕೋಣೆಯಲ್ಲಿ ಮಲಗಿಬಿಟ್ಟಿದ್ದಳು.

ಶಿವಮೊಗ್ಗದಲ್ಲಿ ಪೀರ್ ಬಾಷಾ ಗ್ಯಾರೇಜೊಂದರಲ್ಲಿ ವೆಲ್ಡಿಂಗ್ ಮಾಡಿ ಮಗಳನ್ನು ಓದಿಸಿದ. ನೌರೀನ್ ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದಳು. ಎರಡು ಸಾವಿರದ ಹತ್ತೊಂಬತ್ತರ ಮಳೆಗಾಲದಲ್ಲಿ ಹೊಳೆ ಕೇರಿಯೊಳಗೆ ಬಂತು. ನೀರು ಇಳಿದ ಮೇಲೆ ಮನೆಯ ಮೂರು ಗೋಡೆಗಳು ಉಳಿದಿದ್ದವು, ಅವೂ ಹಿಡಿದರೆ ಕೈಗೆ ಬರುತ್ತಿದ್ದವು. ನಾಲ್ಕು ತಿಂಗಳು ಶಾಲೆಯ ಕೋಣೆಯಲ್ಲಿದ್ದು, ಆಮೇಲೆ ಗಿರಣಿಯ ಅಂಗಳದ ಡಬ್ಬಿ ಮನೆಗೆ ಬಂದರು. ಊರ ನಡುವೆ ಸುಮ್ಮನೆ ಬಿದ್ದಿರುವ ಜಾಗಗಳನ್ನು ಎರಡು ಮೂರು ವರ್ಷಕ್ಕೆಂದು ಕೇಳಿ ಪಡೆದು, ಮನೆ ಇಲ್ಲದವರಿಗೆ ಇಂಥ ಮನೆ ಇಟ್ಟುಕೊಡುವ ಒಂದು ಸಂಸ್ಥೆ ಇತ್ತು. ಅದರ ಪರವಾಗಿ ಓಡಾಡುತ್ತಿದ್ದವನು ಸುದರ್ಶನ. ಪಕ್ಕಾ ಮನೆ ಸಿಗುವವರೆಗೆ ಮಾತ್ರ ಎಂದಿದ್ದ.

ಬಿಸಿಲಿಗೆ ಕಾದ ತಗಡು ಸಂಜೆ ತಣ್ಣಗಾಗುವಾಗ ಟಕ್ ಎನ್ನುತ್ತಿತ್ತು. ಥೇಟ್ ಯಾರೋ ಬೆರಳ ಗೆಣ್ಣಿನಿಂದ ಬಾಗಿಲು ತಟ್ಟಿದ ಹಾಗೆ. ಮೊದಲ ವಾರ ಕರೀಮಾಬಿ ಪ್ರತಿ ಸಂಜೆಯೂ ಹೋಗಿ ಬಾಗಿಲು ತೆಗೆಯುತ್ತಿದ್ದಳು. ಪೀರ್ ಬಾಷಾ ನಗುತ್ತಿದ್ದ. "ಯಾರೂ ಇಲ್ವೇ. ಕಬ್ಬಿಣ ಉಸಿರು ಬಿಡ್ತಿದೆ ಅಷ್ಟೆ."

ಅವನ ನೆನಪು ಹೋಗತೊಡಗಿದ್ದು ಆ ಮನೆಯಲ್ಲೇ. ಮೊದಲು ಮಗಳ ಹೆಸರು, ಆಮೇಲೆ ದಿನ, ಆಮೇಲೆ ವರ್ಷ. ಬೆಳಿಗ್ಗೆ ಎದ್ದರೆ ಕ್ಯಾರಿಯರ್ ಹಿಡಿದು ಬಾಗಿಲಲ್ಲಿ ಕೂರುತ್ತಿದ್ದ.

"ಸೈರನ್ ಆಯ್ತಾ ಕರೀಮಾ?"

"ಯಾವ ಸೈರನ್ ರೀ? ಕಾರ್ಖಾನೆ ಮುಚ್ಚಿ ಹದಿನೇಳು ವರ್ಷ ಆಯ್ತು."

"ಹಂಗಾದ್ರೆ ಮನೆಗೆ ಹೋಗೋಣ ನಡಿ."

"ಇದೇ ಮನೆ."

ಅವನು ತಗಡಿನ ಗೋಡೆಯನ್ನು ಒಮ್ಮೆ ತಟ್ಟಿ ನೋಡುತ್ತಿದ್ದ. "ಇದು ಡಬ್ಬಿ" ಎನ್ನುತ್ತಿದ್ದ, ಬೇಸರದಿಂದಲ್ಲ, ಕೆಲಸಗಾರನೊಬ್ಬ ಮಾಲು ಪರೀಕ್ಷಿಸಿ ಹೇಳುವ ಹಾಗೆ.

ಇಪ್ಪತ್ತೊಂದರ ಏಪ್ರಿಲ್ ಕೊನೆಯಲ್ಲಿ ಎರಡನೇ ಸಲ ಎಲ್ಲವೂ ಬಂದ್ ಆದಾಗ, ಒಂದು ಬೆಳಿಗ್ಗೆ ಕರೀಮಾಬಿ ನೀರು ಹಿಡಿದು ಬರುವಷ್ಟರಲ್ಲಿ ಅವನಿರಲಿಲ್ಲ. ಕ್ಯಾರಿಯರ್ ಕೂಡ ಇರಲಿಲ್ಲ. ಪೊಲೀಸರಿಗೆ ದೂರು ಕೊಟ್ಟರು. ಆಸ್ಪತ್ರೆಗಳಲ್ಲಿ ಕೇಳಿದರು. ಊರಿನಲ್ಲಿ ಆಂಬ್ಯುಲೆನ್ಸ್ ಬಿಟ್ಟರೆ ಬೇರೆ ಸದ್ದಿಲ್ಲದ ಕಾಲ; ಯಾರನ್ನು ಕೇಳಿದರೂ ಅವರದ್ದೇ ಮನೆಯ ಒಬ್ಬರು ಎಲ್ಲೋ ಮಲಗಿದ್ದರು. ಗಂಡ ಎಲ್ಲಿಗೆ ಹೋಗಿರಬಹುದು ಎಂಬುದು ಕರೀಮಾಬಿಗೆ ಮೊದಲ ದಿನವೇ ಹೊಳೆದಿತ್ತು. ಆದರೂ ತಾನು ಹೋಗಲಿಲ್ಲ. ಬಸ್ಸಿಲ್ಲ, ಪಾಸಿಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಜೂನ್‌ನಲ್ಲಿ ಗಂಡನ ಅಣ್ಣನ ಮಗ ಉಮೈರ್‌ನನ್ನು ಬೈಕಿನಲ್ಲಿ ಭದ್ರಾವತಿಗೆ ಕಳಿಸಿದಳು. ಅವನು ಮಧ್ಯಾಹ್ನವೇ ತಿರುಗಿ ಬಂದ.

"ಕ್ವಾರ್ಟರ್ಸೇ ಇಲ್ಲ ಚಾಚಿ. ಪೂರಾ ಕೆಡವಿದಾರೆ. ಬರೀ ಲಂಟಾನ ಬೆಳೆದಿದೆ. ಕೇಳೋಣ ಅಂದ್ರೆ ಒಂದು ನರಪಿಳ್ಳೆ ಇಲ್ಲ."

ಅವಳಿಗೆ ದುಃಖವಾಯಿತು. ಅದರ ಅಡಿಯಲ್ಲಿ ಸಣ್ಣದೊಂದು ನಿರಾಳವೂ ಆಯಿತು, ಹುಚ್ಚಮ್ಮನ ಮುಖ ನೋಡುವುದು ತಪ್ಪಿತಲ್ಲ ಎಂದು. ಆ ನಿರಾಳ ನೆನಪಾದಾಗಲೆಲ್ಲ ಅವಳು ಮುಂದೆ ಅರ್ಧ ಊಟಕ್ಕೇ ತಟ್ಟೆ ಸರಿಸಿ ಏಳುತ್ತಿದ್ದಳು.

ಮುಂದಿನ ತಿಂಗಳು ಗಿರಣಿಯ ಯಜಮಾನರಿಗೆ ಜಾಗ ಬೇಕಾಯಿತು. ಮನೆಗಳನ್ನು ಎತ್ತಿದರು.

ಹಳೇ ಲಾರಿ ಸ್ಟ್ಯಾಂಡಿನಲ್ಲಿ ಹನ್ನೊಂದನೇ ನಂಬರು ಮೂರು ವರ್ಷ ನಿಂತಿತು. ನೆಲಕ್ಕೆಲ್ಲ ಡೀಸೆಲ್ ಇಂಗಿದ್ದ ಜಾಗ. ಮಳೆ ಬಂದರೆ ಬಾಗಿಲ ಮುಂದಿನ ನೀರಿನಲ್ಲಿ ಬಣ್ಣಗಳು ತೇಲುತ್ತಿದ್ದವು. ಮನೆಯೊಳಗೆ ಏನೂ ಬದಲಾಗಿರಲಿಲ್ಲ. ಅದೇ ಒಲೆ, ಅದೇ ಕಿಟಕಿ, ಅದೇ ಮಂಚ. ಹೊರಗೆ ಕಾಲಿಟ್ಟರೆ ಮಾತ್ರ ಎಲ್ಲಿದ್ದೇವೆ ಎಂದು ಒಂದು ಗಳಿಗೆ ತಿಳಿಯುತ್ತಿರಲಿಲ್ಲ. ಗಂಡನಿಗೆ ದಿನವಿಡೀ ಹೀಗೇ ಆಗುತ್ತಿತ್ತೇನೋ ಎಂದುಕೊಳ್ಳುತ್ತಿದ್ದಳು. ಸಂಜೆ ತಗಡು ಟಕ್ ಎಂದರೆ ಈಗಲೂ ಎದ್ದು ಬಾಗಿಲು ತೆಗೆಯುತ್ತಿದ್ದಳು. ಕಬ್ಬಿಣದ ಉಸಿರೆಂದು ಗೊತ್ತಿತ್ತು. ಗೊತ್ತಿದ್ದೂ ಕೂತಿರಲು ಆಗುತ್ತಿರಲಿಲ್ಲ. ಬಾಗಿಲು ತೆಗೆದು ಐದು ನಿಮಿಷ ನಿಂತು, ಸೆರಗು ಸರಿಮಾಡಿಕೊಂಡು ಒಳಗೆ ಬರುತ್ತಿದ್ದಳು.

ಶುಕ್ರವಾರ ಮಧ್ಯಾಹ್ನ ಗಿರಣಿಯ ಕಡೆ ಹೋಗಿ ಗೋಡೆ ನೋಡಿ ಬರುವುದು ರೂಢಿಯಾಯಿತು. ಯಜಮಾನರು ಅಲ್ಲಿ ಏನೂ ಕಟ್ಟಲಿಲ್ಲ. ಅಂಗಳದಲ್ಲಿ ಹದಿನಾಲ್ಕು ಚೌಕ ಹಾಗೆಯೇ ಉಳಿದಿದ್ದವು. ಸುತ್ತ ಮೊಣಕಾಲೆತ್ತರ ಹುಲ್ಲು ಬಂದರೂ ಮನೆ ಕೂತಿದ್ದ ಕಡೆ ಮಾತ್ರ ಬರಲಿಲ್ಲ. ಅವಳು ತನ್ನ ಚೌಕದ ಅಂಚಿನಲ್ಲಿ, ಬಾಗಿಲಿದ್ದ ಕಡೆ, ನಿಲ್ಲುತ್ತಿದ್ದಳು. ಒಳಗೆ ಕಾಲಿಡುತ್ತಿರಲಿಲ್ಲ. ಪೈಂಟು ಮಸುಕಾದಾಗ ನೌರೀನ್ ಬಂದು ಎರಡು ಸಲ ತಿದ್ದಿ ಬರೆದಳು. ಮೂರನೇ ವರ್ಷ ಹೇಳಿದಾಗ ಅವಳು ತಾಯಿಯ ಮುಖವನ್ನೇ ನೋಡಿದಳು.

"ಅಮ್ಮಿ, ಅಬ್ಬಾಗೆ ಕೊನೇಲಿ ಓದೋಕೂ ಬರ್ತಿರ್ಲಿಲ್ಲ."

"ನಂಗೊತ್ತು. ಬರಿ."

ಇಪ್ಪತ್ತನಾಲ್ಕರಲ್ಲಿ ಲಾರಿ ಸ್ಟ್ಯಾಂಡಿನ ಕರಾರೂ ಮುಗಿಯಿತು. ಹದಿನಾಲ್ಕರಲ್ಲಿ ಎಂಟು ಮನೆಯವರಿಗೆ ಅಷ್ಟರಲ್ಲಿ ಪಕ್ಕಾ ಮನೆ ಸಿಕ್ಕಿತ್ತು. ಉಳಿದ ಆರು ಕುಟುಂಬಗಳನ್ನು ಸುದರ್ಶನ ಕೂರಿಸಿಕೊಂಡು ಎರಡು ಜಾಗ ಹೇಳಿದ. ಒಂದು ಆಯನೂರು ರಸ್ತೆಯ ಕಡೆ. ಇನ್ನೊಂದು ಭದ್ರಾವತಿ ಪೇಟೆಯೊಳಗೆ, ಮುಚ್ಚಿದ ಎರಕದ ಕಾರ್ಖಾನೆಯ ಕ್ವಾರ್ಟರ್ಸ್ ಇದ್ದ ನೆಲ. ಕೋರ್ಟಿನ ತಕರಾರು ಮುಗಿದು ಮೂರು ವರ್ಷದ ಮಟ್ಟಿಗೆ ಸಿಕ್ಕಿದೆ ಎಂದ.

"ನಾನು ಎಲ್ಲಿಗೂ ಬರಲ್ಲ" ಎಂದುಬಿಟ್ಟಳು ಕರೀಮಾಬಿ. "ಇಲ್ಲಿಂದ ಗಿರಣಿ ಹತ್ರ ಇದೆ. ಇನ್ನೂ ದೂರ ಹೋದ್ರೆ ಅವರು ಹುಡುಕೋದು ಹೇಗೆ?"

ಸುದರ್ಶನ ಒಳ್ಳೆಯ ಹುಡುಗ. ಒಂದು ವಾರ ಬಿಟ್ಟು ಬರುತ್ತೇನೆ ಅಕ್ಕ ಎಂದು ಹೋದ.

ಆ ವಾರವೆಲ್ಲ ಅವಳ ತಲೆಯಲ್ಲಿ ಓಡಿದ್ದು ಒಂದೇ ಮಾತು. ಮನೆಗೆ ಹೋಗೋಣ ನಡಿ ಎಂದು ಅವನು ಎಷ್ಟು ಸಲ ಅಂದಿದ್ದ! ಅಂದಾಗಲೆಲ್ಲ ಇದೇ ಮನೆ ಎಂದು ಬಾಯಿ ಮುಚ್ಚಿಸಿದ್ದಳು. ಅವನ ಪಾಲಿಗೆ ಮನೆ ಇದ್ದದ್ದು ಒಂದೇ ಕಡೆ. ಈಗ ಆ ಜಾಗವೇ ಬಾ ಎನ್ನುತ್ತಿದೆ, ತಾನು ಮತ್ತೆ ತಲೆನೋವೆಂದು ಮಲಗುವುದೇ? ಸುದರ್ಶನ ಬಂದಾಗ ಭದ್ರಾವತಿ ಎಂದು ಬರೆಸಿದಳು. ದಿನಾ ಬಸ್ಸಿನಲ್ಲಿ ಓಡಾಡಬೇಕಾದ ನೌರೀನ್ ಮೊದಲ ಬಸ್ಸಿನ ಹೊತ್ತು ವಿಚಾರಿಸಿಕೊಂಡು ಬಂದಳು.

ಉಳಿದವರೆಲ್ಲ ಆಯನೂರು ರಸ್ತೆಗೆ ಹೋದರು. ಭದ್ರಾವತಿಯ ಅದೇ ನೆಲಕ್ಕೆ ಬೇರೆ ಕಡೆಯಿಂದ ಇನ್ನೂ ಏಳು ಡಬ್ಬಿ ಮನೆಗಳು ಬಂದಿದ್ದವು.

ಹನ್ನೊಂದನೇ ನಂಬರನ್ನು ಟ್ರೈಲರಿನಿಂದ ಇಳಿಸುವಾಗ ಮಧ್ಯಾಹ್ನ ಎರಡು ಗಂಟೆ. ಲಂಟಾನ ಸವರಿದ ನೆಲದಲ್ಲಿ ಹಳೆಯ ಮನೆಗಳ ತಳಪಾಯದ ಗೆರೆಗಳು ಎದ್ದು ಕಾಣುತ್ತಿದ್ದವು. ಕರೀಮಾಬಿ ಎಣಿಸಿದಳು. ನಲ್ಲಿಕಟ್ಟೆಯಿಂದ ನಾಲ್ಕನೆಯದು ತಮ್ಮದು, ಏಳನೆಯದು ಭೈರಪ್ಪನದು. ಅವಳು ಎಣಿಸುತ್ತಿದ್ದಾಗ, ಹಿಂದಿನ ಬೇಲಿಯ ಕಡೆಯಿಂದ ಒಬ್ಬ ಮುದುಕಿ ಸೊಂಟಕ್ಕೆ ಕೈಕೊಟ್ಟುಕೊಂಡು ನಡೆದು ಬಂದಳು. ನಡಿಗೆಯಿಂದಲೇ ಗುರುತು ಸಿಕ್ಕಿತು.

ಹುಚ್ಚಮ್ಮ ಹತ್ತಿರ ಬಂದು ಕರೀಮಾಬಿಯನ್ನು ನೋಡಿದಳು. ಇನ್ನೂ ಸರಪಳಿಯಲ್ಲಿ ತೂಗುತ್ತಿದ್ದ ಮನೆಯನ್ನು ನೋಡಿದಳು. ಮತ್ತೆ ಕರೀಮಾಬಿಯನ್ನು ನೋಡಿದಳು.

"ಎಲ್ಲಿಗೆ ಹೋಗಿದ್ರೇ ನೀವೆಲ್ಲ? ನಿಮ್ಮನೆ ಹುಡುಕಿ ಹುಡುಕಿ ನಂಗೆ ಸಾಕಾಯ್ತಲ್ಲೇ ಮಾರಾಯ್ತಿ!"

ಕರೀಮಾಬಿಗೆ ಆ ಕ್ಷಣವೇ ಎಲ್ಲ ತಿಳಿದುಹೋಯಿತು. ತಿಳಿದರೂ ಕೇಳಿದಳು. "ಇಲ್ಲಿಗೆ ಬಂದಿದ್ರಾ?"

"ಬಂದಿದ್ರು."

ಮನೆ ನೆಲಕ್ಕೆ ಕೂತಿತು. ಕ್ರೇನಿನವರು ಸರಪಳಿ ಬಿಚ್ಚಿ ಹೋದರು. ಇಬ್ಬರು ಹೆಂಗಸರು ಬಾಗಿಲ ಮೆಟ್ಟಿಲ ಮೇಲೆ ಕೂತರು. ಹುಚ್ಚಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಹೇಳಿದಳು.

ಕ್ವಾರ್ಟರ್ಸ್ ಕೆಡವಿದ ಮೇಲೆ ಅವಳು ಬೇಲಿಯಾಚೆ ಒಂದು ಶೀಟಿನ ಗುಡಿಸಲು ಹಾಕಿಕೊಂಡು ಕೋಳಿ ಸಾಕಿಕೊಂಡಿದ್ದಳು. ಉಮೈರ್‌ಗೆ ಅದು ಲಂಟಾನದ ಮರೆಯಲ್ಲಿ ಕಂಡಿರಲಿಲ್ಲ. ಆ ಏಪ್ರಿಲಿನ ಒಂದು ಸಂಜೆ ನಲ್ಲಿಕಟ್ಟೆಯ ಮೇಲೆ ಯಾರೋ ಕೂತದ್ದು ಕಂಡು ಹೋದರೆ ಪೀರ್ ಬಾಷಾ. ಶಿವಮೊಗ್ಗದಿಂದ ಅಷ್ಟೂ ದೂರ ನಡೆದೇ ಬಂದಿದ್ದ. ಪಾದ ಒಡೆದು ರಕ್ತ ಹೆಪ್ಪುಗಟ್ಟಿತ್ತು. ಮಡಿಲಲ್ಲಿ ಖಾಲಿ ಕ್ಯಾರಿಯರ್.

"ನನ್ನ ಗುರುತು ಹಿಡಿದ್ರು ಕಣೇ. ಹೆಂಗೆ ಹಿಡಿದ್ರೋ! ಹುಚ್ಚಮ್ಮಕ್ಕ, ಭೈರಣ್ಣನಿಗೆ ಹೇಳು, ಅವನ ಪಾಳಿ ಇವತ್ತು ನಾನು ಮಾಡ್ತೀನಿ, ಅವನು ಮಲಗಲಿ ಅಂದ್ರು. ಆಯ್ತು ಬಾಷಣ್ಣ, ಉಂಡು ಹೋಗಿ ಅಂದೆ. ಹನ್ನೊಂದು ದಿನ ಹಿಂಗೇ. ಬೆಳಗಾದ್ರೆ ಹೊರಡ್ತಿದ್ರು, ನಲ್ಲಿಕಟ್ಟೆ ತನಕ ಹೋಗಿ ಕೂರ್ತಿದ್ರು. ಗೇಟು ಎಲ್ಲಿದೆ ಅಂತ ಹುಡುಕೋರು. ನಿಮ್ಮ ಫೋನ್ ನಂಬರ್ ಕೇಳಿದ್ರೆ ಕಾರ್ಖಾನೆ ಟೋಕನ್ ನಂಬರ್ ಹೇಳೋರು."

ಹನ್ನೆರಡನೇ ದಿನ ಜ್ವರ ಬಂತು. ಉಸಿರು ಹತ್ತದೆ ಹೋದಾಗ ಹುಚ್ಚಮ್ಮ ಆಟೋದವನ ಕಾಲು ಹಿಡಿದು ಆಸ್ಪತ್ರೆಗೆ ಒಯ್ದಳು. ಬಾಗಿಲಲ್ಲಿ ಹೆಸರು ಕೇಳಿದರು. ಅವಳು ಬಾಯಿ ತೆರೆಯುವ ಮೊದಲೇ ಅವನೇ ಹೇಳಿದ, ಭೈರಪ್ಪ ಎಂದು.

ಹುಚ್ಚಮ್ಮ ಬೆರಳಿಗೆ ಸುತ್ತಿದ್ದ ಸೆರಗನ್ನು ಬಿಟ್ಟಳು. "ನಾನು ತಿದ್ದಲಿಲ್ಲ ಕರೀಮಾ" ಎಂದಳು. "ತಿದ್ದಬೇಕಿತ್ತು. ಇಪ್ಪತ್ತೇಳು ವರ್ಷ ಆಗಿತ್ತು, ಜೀವ ಇರೋ ಮನುಷ್ಯನೊಬ್ಬ ನಾನು ಭೈರಪ್ಪ ಅನ್ನೋದನ್ನ ಕೇಳಿ. ನಂಗೆ ನಾಲಿಗೆ ಏಳ್ಲಿಲ್ಲ. ಬರ್ಕೊಂಡುಬಿಟ್ರು. ಹೆಂಡ್ತಿನಾ ಅಂದ್ರು, ಹೂಂ ಅಂದೆ. ಇಲ್ಲಾಂದ್ರೆ ಒಳಗೆ ಬಿಡ್ತಿರ್ಲಿಲ್ಲ."

ಮೂರನೇ ದಿನ ಅವನು ತೀರಿಕೊಂಡ. ಬಿಳಿ ಬಟ್ಟೆ ಹೊದ್ದ ಹುಡುಗರು ಬಂದು, ಸುಡಲು ಒಯ್ಯುತ್ತೇವೆ, ದೂರ ನಿಂತು ನೋಡಬೇಕು ಎಂದರು.

"ಆಗ ಮಾತ್ರ ನಂಗೆ ಬುದ್ಧಿ ಬಂತು. ಸುಡಬೇಡ್ರಪ್ಪ, ನಮ್ಮಲ್ಲಿ ಮಣ್ಣು ಮಾಡೋದು ಪದ್ಧತಿ ಅಂತ ಸುಳ್ಳು ಹೇಳ್ದೆ. ಗಲಾಟೆ ಮಾಡ್ದೆ. ನೆಲದ ಮೇಲೆ ಬಿದ್ದು ಅತ್ತೆ. ಊರಾಚೆ ಮಣ್ಣು ಮಾಡಿದ್ರು."

ಆಮೇಲೆ ಅವಳೂ ಜ್ವರದಲ್ಲಿ ಮಲಗಿದಳು. ಎದ್ದು ಓಡಾಡುವಂತಾಗಿ, ಬಸ್ಸು ಬಿಟ್ಟ ಮೇಲೆ, ಆಷಾಢದಲ್ಲಿ ಶಿವಮೊಗ್ಗಕ್ಕೆ ಹೋದಳು. ಹೊಳೆಯ ದಡದಲ್ಲಿ ಮನೆಯಿರಲಿಲ್ಲ. ಗಿರಣಿಯ ಅಂಗಳದ ತಗಡಿನ ಮನೆಗಳಲ್ಲಿದ್ದಾರೆ ಎಂದು ಯಾರೋ ಹೇಳಿದರು. ಹುಡುಕಿಕೊಂಡು ಹೋದರೆ ಅಲ್ಲಿ ನೆಲದ ಮೇಲೆ ಚೌಕಗಳಿದ್ದವು.

"ದಾರೀಲಿ ಹೋಗೋನೊಬ್ಬ, ಕ್ರೇನ್ ತಂದು ಎತ್ಕೊಂಡು ಹೋದ್ರಜ್ಜಿ, ಎಲ್ಲಿಗೋ ಗೊತ್ತಿಲ್ಲ ಅಂದ. ಮನೆ ಎತ್ಕೊಂಡು ಹೋಗ್ತಾರೆ ಅಂದ್ರೆ ನಾನು ನಂಬಲಿಲ್ಲ. ಅರ್ಧ ದಿನ ಅಲ್ಲೇ ಕೂತಿದ್ದೆ."

"ಗೋಡೆ…" ಎಂದಳು ಕರೀಮಾಬಿ. "ಗೋಡೆ ಮೇಲೆ ಬರೆದಿತ್ತಲ್ಲ ಅಕ್ಕ."

"ಕೆಂಪಕ್ಷರ? ಕಂಡೆ. ಕೆಳಗೆ ನಂಬರ್ ಬೇರೆ ಇತ್ತು. ಪಾಯಿಖಾನೆ ಗುಂಡಿ ಕ್ಲೀನ್ ಮಾಡೋರದ್ದು ಅಂದ್ಕೊಂಡೆ. ಎಲ್ಲಾ ಗೋಡೆ ಮೇಲೂ ಅದೇ ಇರುತ್ತಲ್ಲ." ಹುಚ್ಚಮ್ಮನಿಗೆ ಆಗ ಏನೋ ಹೊಳೆದಂತಾಯಿತು. ಕರೀಮಾಬಿಯ ಮುಖ ನೋಡಿ ಅವಳ ದನಿ ಇಳಿಯಿತು. "ನಂಗೆ ಓದೋಕೆ ಬರಲ್ಲ, ನಿಂಗೊತ್ತಲ್ಲ. ಅದೇ ಗೋಡೆಗೆ ಒರಗಿ ಕೂತಿದ್ದೆ."

ಕರೀಮಾಬಿ ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಹುಚ್ಚಮ್ಮ ಸಂಜೆಯವರೆಗೂ ಮೆಟ್ಟಿಲ ಮೇಲೇ ಕೂತಿದ್ದು, ನೌರೀನ್ ಕೆಲಸ ಮುಗಿಸಿ ಬಂದ ಮೇಲೆ ಎದ್ದು ಹೋದಳು.

ನಾಲ್ಕು ದಿನ ಕರೀಮಾಬಿ ಹೊರಗೆ ಬರಲಿಲ್ಲ. ಸಿಟ್ಟು ಯಾರ ಮೇಲೆ ಎಂದು ತಿಳಿಯುತ್ತಿರಲಿಲ್ಲ. ಬೇರೆ ಗಂಡಸಿನ ಹೆಸರಿನಲ್ಲಿ, ದುವಾ ಇಲ್ಲದೆ, ಗುಸುಲ್‌ನ ಕೊನೆಯ ಸ್ನಾನವಿಲ್ಲದೆ ಮಣ್ಣಿಗಿಟ್ಟರಲ್ಲ ಎಂದು ಎದೆ ಬಡಿದುಕೊಂಡಳು. ಆ ಹನ್ನೊಂದು ದಿನಗಳ ಪೈಕಿ ಒಂದೇ ಒಂದು ದಿನ ತಾನು ಇಲ್ಲಿಗೆ ಬಂದಿದ್ದರೆ ಎಂದು ನೆನೆದಾಗ ಎದೆ ಬಡಿಯುವ ಕೈ ನಿಲ್ಲುತ್ತಿತ್ತು. ಸಂಜೆ ತಗಡು ತಟ್ಟಿತು. ಇಷ್ಟು ವರ್ಷದಲ್ಲಿ ಮೊದಲ ಸಲ ಅವಳಿಗೆ ಬಾಗಿಲು ತೆಗೆಯಲು ಭಯವಾಯಿತು. ತೆಗೆದರೆ ಈಗ ಹೊರಗೆ ನಿಂತಿರುವವನು ಪೀರ್ ಬಾಷಾನೋ, ಭೈರಪ್ಪನೋ?

ಐದನೇ ದಿನ ಬೆಳಿಗ್ಗೆ ಅವಳೇ ಬೇಲಿ ದಾಟಿ ಹೋದಳು. ಹುಚ್ಚಮ್ಮ ಕೋಳಿಗಳಿಗೆ ನುಚ್ಚು ಹಾಕುತ್ತಿದ್ದಳು. ಕರೀಮಾಬಿ ನಿಂತೇ ಹೇಳಿದಳು.

"ಅಕ್ಕ, ಆವತ್ತು ಪಾಳಿ ಬದಲಾಯಿಸಿ ಅಂದೋಳು ನಾನು. ಅವರು ಬೇಡ ಅಂದ್ರು. ನಾನೇ ಹಟ ಮಾಡ್ದೆ. ಮದುವೆಗೆ ಬರಲಿ ಅಂತ. ಅಷ್ಟೇ ಕಾರಣ."

ಹುಚ್ಚಮ್ಮ ಮೊರದಲ್ಲಿದ್ದ ನುಚ್ಚನ್ನೆಲ್ಲ ಹಾಕಿ ಮುಗಿಸಿದಳು.

"ಗೊತ್ತು" ಎಂದಳು. "ಬಾಷಣ್ಣ ಹೇಳಿದ್ರು. ಬಂದ ಮಾರನೇ ದಿನವೇ. ಕರೀಮಾ ಹೊಸ ಅಂಗಿ ಹೊಲಿಸಿದಾಳೆ, ಹೋಗ್ಲೇಬೇಕು, ಭೈರಣ್ಣ ಒಂದು ಪಾಳಿ ನೋಡ್ಕೋ ಅಂತ. ನನ್ನನ್ನೇ ಭೈರಣ್ಣ ಅಂದ್ಕೊಂಡು ಕೈ ಮುಗಿದು ಕೇಳಿದ್ರು."

"ನಿಂಗೆ ಸಿಟ್ಟು ಬರ್ಲಿಲ್ವಾ?"

"ಬರದೆ? ಆವತ್ತು ಅವರಿಗೆ ಊಟ ಹಾಕ್ಲಿಲ್ಲ. ಖಾಲಿ ಕ್ಯಾರಿಯರ್ ಹಿಡ್ಕೊಂಡು ಕತ್ತಲಾಗೋ ತನಕ ಕೂತಿದ್ರು. ಮಾರನೇ ದಿನ ಹಾಕ್ದೆ." ಖಾಲಿ ಮೊರವನ್ನು ಗೋಡೆಗೆ ಒರಗಿಸಿದಳು. "ಆಸ್ಪತ್ರೇಲಿ ಹೆಸರು ತಿದ್ದದೇ ಇದ್ದಿದ್ದು ಆ ಸಿಟ್ಟಿಗೋ ಏನೋ, ನಂಗೆ ಇವತ್ತಿಗೂ ಗೊತ್ತಿಲ್ಲ."

ಇಬ್ಬರೂ ಅಳಲಿಲ್ಲ. ಹುಚ್ಚಮ್ಮ ಒಳಗೆ ಹೋಗಿ ಕಾಫಿ ಇಟ್ಟಳು. ಕರೀಮಾಬಿ ಕುಡಿಯದೆ ಎದ್ದು ಬಂದಳು. ಮೂರನೇ ದಿನ ಹೋದಾಗ ಕುಡಿದಳು.

ಆ ಭಾನುವಾರ ಮೂವರೂ ಊರಾಚೆಯ ಮಣ್ಣಿನ ಜಾಗಕ್ಕೆ ಹೋದರು. ಆ ವರ್ಷದ ಸಾಲುಗಳು ಒಂದು ಮೂಲೆಯಲ್ಲಿದ್ದವು. ಗುರುತಿಗೆ ನೆಟ್ಟಿದ್ದ ತಗಡಿನ ತುಂಡುಗಳ ಮೇಲಿನ ಸಂಖ್ಯೆಗಳು ಅಳಿಸಿಹೋಗಿದ್ದವು. ಈ ಸಾಲೇ, ಇದರಲ್ಲಿ ಯಾವುದು ಅಂತ ಮಾತ್ರ ಹೇಳಲಾರೆ ಎಂದಳು ಹುಚ್ಚಮ್ಮ. ಅವಳನ್ನು ಅಂದು ಬೇಲಿಯ ಹೊರಗೇ ನಿಲ್ಲಿಸಿದ್ದರು. ಆ ಸಾಲಿನಲ್ಲಿ ಏಳು ದಿಬ್ಬಗಳಿದ್ದವು. ಕರೀಮಾಬಿ ಏಳಕ್ಕೂ ಫಾತಿಹಾ ಓದಿದಳು. ಒಂದೊಂದರ ಮುಂದೆ ಒಂದೇ ಅಳತೆಯ ಹೊತ್ತು ನಿಂತಳು, ಯಾರಿಗೂ ಕಡಿಮೆಯಾಗಬಾರದೆಂಬಂತೆ. ಕೊನೆಯ ದಿಬ್ಬಕ್ಕೆ ಬರುವಾಗ ಅವಳ ದನಿ ಕುಸಿದು ತುಟಿ ಮಾತ್ರ ಅಲ್ಲಾಡುತ್ತಿತ್ತು. ನೌರೀನ್ ಹಿಂದಿನಿಂದ ಬಂದು ಭುಜ ಹಿಡಿದುಕೊಂಡಳು.

ಹೆಸರು ತಿದ್ದಿಸಲು ನೌರೀನ್ ಒಂಬತ್ತು ತಿಂಗಳು ಓಡಾಡಿದಳು. ಸತ್ತು ಇಪ್ಪತ್ತೇಳು ವರ್ಷವಾದ ಭೈರಪ್ಪ ಮತ್ತೊಮ್ಮೆ ಸತ್ತದ್ದು ಹೇಗೆ ಎಂದು ಕೇಳಿದವರಿಗೆಲ್ಲ ಹುಚ್ಚಮ್ಮ ಹೋಗಿ ಹೇಳಿಕೆ ಕೊಟ್ಟು, ಹೆಬ್ಬೆಟ್ಟು ಒತ್ತಿದಳು. ಸುಳ್ಳು ಹೇಳಿದ್ದಕ್ಕೆ ಜೈಲಿಗೆ ಹಾಕುತ್ತಾರೆಂದು ಪ್ರತಿ ಸಲವೂ ಎರಡು ಸೀರೆ ಚೀಲದಲ್ಲಿಟ್ಟುಕೊಂಡೇ ಹೋಗುತ್ತಿದ್ದಳು. ಯಾರೂ ಹಾಕಲಿಲ್ಲ. ಕೊನೆಗೊಂದು ದಿನ ಪೀರ್ ಬಾಷಾನ ಹೆಸರಿನ ಕಾಗದ ಬಂತು. ಕರೀಮಾಬಿ ಅದನ್ನು ಮೂರು ಸಲ ಓದಿಸಿ ಕೇಳಿ, ಕುರಾನಿನ ಶೆಲ್ಫಿನಲ್ಲಿಟ್ಟಳು. ಆ ವರ್ಷವೇ ಮಸೀದಿಯವರಿಗೆ ಹೇಳಿ ಅವನ ಹೆಸರಿನಲ್ಲಿ ದುವಾ ಮಾಡಿಸಿದಳು. ಜನ ಬಂದರು, ಉಂಡರು. ಅವಳ ಮನಸ್ಸು ಮಾತ್ರ ಪೂರ್ತಿ ತಿಳಿಯಾಗಲಿಲ್ಲ. ನಲ್ಲಿಕಟ್ಟೆಯ ಮೇಲೆ ಬೆಳಗಿನ ಹೊತ್ತು ಯಾರೋ ಬೆನ್ನು ಮಾಡಿ ಕೂತಂತೆ ಕಂಡು, ಬಿಂದಿಗೆ ಹಿಡಿದವಳು ಅರ್ಧ ದಾರಿಯಲ್ಲಿ ನಿಲ್ಲುವುದು ಈಗಲೂ ಇದೆ. ಹುಚ್ಚಮ್ಮನಿಗೆ ಹೇಳಿದರೆ, "ನಂಗೂ ಕಾಣ್ತಾರೆ. ಒಂದೊಂದ್ಸಲ ಇಬ್ರು ಕೂತಿರ್ತಾರೆ" ಎನ್ನುತ್ತಾಳೆ.

ಕಳೆದ ತಿಂಗಳು ಸುದರ್ಶನ ಮತ್ತೆ ಬಂದಿದ್ದ. ಈ ನೆಲಕ್ಕೂ ಯೋಜನೆ ಬರುತ್ತಿದೆ, ಇನ್ನೊಂದು ವರ್ಷವಾದರೆ ಮನೆಗಳನ್ನು ಎತ್ತಬೇಕಾದೀತು ಎಂದ. ಬೇಲಿಯಾಚೆಯ ಗುಡಿಸಲು ಯಾವ ಪಟ್ಟಿಯಲ್ಲೂ ಇಲ್ಲ, ಅದನ್ನು ಮೊದಲೇ ತೆಗೆಸುತ್ತಾರೆ ಎಂದೂ ಹೇಳಿದ.

ಕರೀಮಾಬಿ ಕೇಳಿದಳು. "ಹನ್ನೊಂದನೇ ನಂಬರಿನಲ್ಲಿ ಎಷ್ಟು ಜನರ ಹೆಸರಿದೆ?"

"ನಿಮ್ಮದು, ನೌರೀನ್ ಅವರದ್ದು. ಎರಡು."

"ಮೂರು ಬರ್ಕೋ. ಹುಚ್ಚಮ್ಮ, ಗಂಡ ಭೈರಪ್ಪ."

"ಸಂಬಂಧ ಏನಂತ ಬರೀಲಿ ಅಕ್ಕ?"

ಆಮೇಲೆ ಹೇಳ್ತೀನಿ ಎಂದಳು ಕರೀಮಾಬಿ. ಸುದ್ದಿ ಕೇಳಿದ ಹುಚ್ಚಮ್ಮ, ಕೋಳಿ ಬಿಟ್ಟು ನಾನು ಎಲ್ಲಿಗೂ ಬರಲ್ಲ, ತಗಡಿನ ಪೆಟ್ಟಿಗೇಲಿ ಯಾರು ಮಲಗ್ತಾರೆ ಎಂದು ರೇಗಿ ಹೊರಟುಹೋದಳು. ಮೂರನೇ ದಿನ ನೌರೀನ್ ಕೆಲಸಕ್ಕೆ ಹೊರಡುವ ಹೊತ್ತಿಗೆ ಬಂದು, ಹಾಲಿನ ಪ್ಯಾಕೆಟ್ಟಿನ ಕವರಿನಲ್ಲಿ ಸುತ್ತಿಟ್ಟಿದ್ದ ರೇಷನ್ ಕಾರ್ಡನ್ನು ಅವಳ ಕೈಗಿಟ್ಟು, "ಜೆರಾಕ್ಸ್ ಮಾಡಿಸ್ಕೊಂಡು ಬಾ, ಮಡಚಬೇಡ" ಎಂದಳು.